ಟಕ್ ಎಂದು ಕೂರುವ ಕಪ್ಲಿಂಗ್

ಆಳಂದದ ಎರೆಹೊಲದಲ್ಲಿ ಬೆಳಿಗ್ಗೆ ಪಲ್ಟಿ ನೇಗಿಲು ಎಳೆದ ಟ್ರ್ಯಾಕ್ಟರು ಮಧ್ಯಾಹ್ನ ಹೂಳು ತುಂಬಿದ ಡಂಪಿಂಗ್ ಟ್ರಾಲಿಗೆ ಹೆಗಲು ಕೊಡುತ್ತದೆ. ನಡುವಿನ ಕೆಲಸ ಅರೆಗಳಿಗೆಯದು. ಒಂದು ಹೈಡ್ರಾಲಿಕ್ ಪೈಪನ್ನು ಎಳೆದು ಬಿಚ್ಚಿ, ಇನ್ನೊಂದನ್ನು ಒತ್ತಿದರೆ ಟಕ್ ಎಂದು ಕೂರುತ್ತದೆ. ಪಾನಾ ಬೇಡ, ಎಣ್ಣೆಯೂ ಹೆಚ್ಚು ಚೆಲ್ಲದು. ಕಪ್ಲಿಂಗಿನ ಎರಡೂ ತಲೆಗಳೊಳಗೆ ಸ್ಪ್ರಿಂಗ್ ವಾಲ್ವ್ ಇರುತ್ತದೆ. ಕೂಡಿದರೆ ದಾರಿ, ಅಗಲಿದರೆ ಎರಡೂ ಬಾಯಿ ಬಂದ್.

ಈ ಸುಖ ಕಂಡವರಿಗೆ ಮನೆಯ ಶೆಡ್ಡಿನ ಕಾರ್ ಲಿಫ್ಟಿಗೂ ಇದನ್ನೇ ಹಾಕಿಸುವ ಆಸೆ ಬರುವುದು ಸಹಜ. ಆದರೆ ಟ್ರ್ಯಾಕ್ಟರಿಗೆ ಹೊತ್ತಿಗೊಂದು ಸಲಕರಣೆ. ನೆಲಕ್ಕೆ ಬೋಲ್ಟ್ ಹಾಕಿದ ಎರಡು ಕಂಬದ ಲಿಫ್ಟಿನಲ್ಲಿ ಪಂಪಿಗೂ ಸಿಲಿಂಡರಿಗೂ ಜೀವಮಾನದ ನಂಟು. ಬಿಚ್ಚುವ ಪ್ರಸಂಗವೇ ಇಲ್ಲದಲ್ಲಿ ಕಪ್ಲಿಂಗ್ ಎಂದರೆ ಸೋರಲು ಇನ್ನೊಂದು ಜಾಗ. ಕೆಲಸ ಮುಗಿದ ಮೇಲೆ ಎತ್ತಿ ಗೋಡೆಗೆ ಒರಗಿಸುವ ಕ್ವಿಕ್‌ಜ್ಯಾಕ್ ಮಾದರಿಯ ಲಿಫ್ಟಿಗೆ ಮಾತ್ರ ಅದು ನಿಜವಾಗಿ ಬೇಕು.

ಬೇಕಾದಲ್ಲೂ ದೋಷಗಳು ಚಿಕ್ಕವಲ್ಲ. ಅರೆಬರೆ ಕೂತ ಕಪ್ಲಿಂಗ್ ಎಣ್ಣೆಯನ್ನು ಒಳಗೆ ಬಿಟ್ಟು ಹಿಂದಕ್ಕೆ ಬಿಡದೆ ಇರಬಹುದು. ಆಗ ಕಾರು ಏರುತ್ತದೆ, ಇಳಿಯುವುದಿಲ್ಲ. ಐಎಸ್‌ಒ 7241ರ ಎ ಮತ್ತು ಬಿ ಮಾದರಿಗಳು ಕಣ್ಣಿಗೆ ಅಣ್ಣತಮ್ಮಂದಿರಂತಿದ್ದರೂ ಒಂದಕ್ಕೊಂದು ಹೊಂದವು. ಎರೆಮಣ್ಣಿನ ಧೂಳು ಬಾಯಿಗೆ ಮೆತ್ತಿದರೆ ಸೀಲು ಸವೆಯುತ್ತದೆ, ವಾಲ್ವ್ ಕಚ್ಚಿಕೊಳ್ಳುತ್ತದೆ. ಹತ್ತಾರು ರೂಪಾಯಿಯ ಮುಚ್ಚಳದ ಬದಲು ಹರಕು ಅರಿವೆ ಸುತ್ತುವುದು ಉಳಿತಾಯವಲ್ಲ.

ಬಿಸಿಲಿನ ಕಾಟ ಬೇರೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ಬಿಚ್ಚಿಟ್ಟ ಪೈಪಿನೊಳಗೆ ಸಿಕ್ಕಿಬಿದ್ದ ಎಣ್ಣೆ ಉಬ್ಬಿ, ಎಷ್ಟು ಒತ್ತಿದರೂ ಕಪ್ಲಿಂಗ್ ಕೂರದು. ಆಗ ಪಾನಾ ಹಿಡಿದು ನಟ್ಟು ಸಡಿಲಿಸುವ ಚಾಳಿ ಅಪಾಯಕಾರಿ. ಒಳಗಿನ ಒತ್ತಡ 150 ಬಾರ್ ಇದ್ದರೆ, ಅದು ಚದರ ಸೆಂಟಿಮೀಟರಿಗೆ ಸುಮಾರು 150 ಕಿಲೋ ಭಾರ. ಸೂಜಿಮೊನೆಯ ಸಂದಿನಿಂದ ಚಿಮ್ಮಿದ ಎಣ್ಣೆ ಚರ್ಮ ತೂರಿ ಒಳಹೋಗುತ್ತದೆ; ಗಾಯ ಚುಕ್ಕೆಯಷ್ಟಿದ್ದರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ಸರಿಯಾದ ಕ್ರಮ ಬಿಚ್ಚುವ ಮೊದಲಿನದು: ಭಾರ ಪೂರ್ತಿ ಇಳಿಸಿ, ಎಂಜಿನ್ ಅಥವಾ ಪಂಪು ನಿಲ್ಲಿಸಿ, ಹೈಡ್ರಾಲಿಕ್ ಹಿಡಿಕೆಯನ್ನು ಆಚೀಚೆ ಆಡಿಸಿ ಒತ್ತಡ ಕಳೆಯುವುದು.

ಹಾಗಾಗಿ ನನ್ನ ತೀರ್ಪು ಅರ್ಧ ಹೊಗಳಿಕೆಯದು. ಕಪ್ಲಿಂಗ್ ಜಾಣ ಸಾಧನ, ಆದರೆ ಅದು ಎಣ್ಣೆಯ ದಾರಿ ಕಾಯುವ ಬಾಗಿಲಷ್ಟೇ. ಭಾರ ಹೊರುವ ತೊಲೆಯಲ್ಲ. ಪೈಪು ಒಡೆದರೂ ಕಾರು ಕುಸಿಯದಂತೆ ತಡೆಯುವ ವಾಲ್ವ್ ಸಿಲಿಂಡರಿನ ಬುಡದಲ್ಲೇ ಇರಬೇಕು. ಅದಕ್ಕೂ ಮೇಲೆ ಕಬ್ಬಿಣದ ಲಾಕ್. ಎತ್ತಿದ ಟ್ರಾಲಿಯ ಕೆಳಗೆ ಕೈಹಾಕುವ ಮುನ್ನ ದಪ್ಪ ಆಸರೆ ಕೊಡುವ ಡ್ರೈವರನಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹೊಸದಾಗಿ ಲಿಫ್ಟ್ ತಂದವನು ಅವನಿಂದ ಮೊದಲು ಕಲಿಯಬೇಕಾದದ್ದು ಆ ಆಸರೆಯನ್ನು, ಕಪ್ಲಿಂಗನ್ನು ಆಮೇಲೆ.