ಹರಾಜಿನ ಬೆಲೆ, ಬೆನ್ನುಮೂಳೆಯ ಲೆಕ್ಕ

ಐಪಿಎಲ್ ಹತ್ತಿರ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ‘ಮಿಂಚಿ ಮರೆಯಾದವರು’ ಎಂಬ ಪಟ್ಟಿಯೊಂದು ತಪ್ಪದೆ ಬರುತ್ತದೆ. 2011ರಲ್ಲಿ ಚೆನ್ನೈ ವಿರುದ್ಧ 120 ಹೊಡೆದ ಪಾಲ್ ವಾಲ್ತಾಟಿ ಅದರಲ್ಲಿ ಇರಲೇಬೇಕು. ಪ್ರತಿ ಹೆಸರಿನ ಮುಂದೆ ನಾಲ್ಕು ಸಾಲು, ಕೊನೆಗೆ ಒಂದು ಅಯ್ಯೋ ಪಾಪ. ದುಡ್ಡು ಬಂತು, ತಲೆ ತಿರುಗಿತು ಎನ್ನುವ ಧ್ವನಿ ಆ ನಾಲ್ಕು ಸಾಲಿನೊಳಗೇ ಅಡಗಿರುತ್ತದೆ. ನಾನಿರುವ ನೋಯ್ಡಾದಿಂದ ಈ ಪಟ್ಟಿಗೆ ಇಬ್ಬರು ವೇಗದ ಬೌಲರುಗಳು ಸೇರಿದ್ದಾರೆ: ಪರ್ವಿಂದರ್ ಅವಾನಾ ಮತ್ತು ಶಿವಂ ಮಾವಿ. ಇಬ್ಬರನ್ನೂ ತಿದ್ದಿದವರು ಇಲ್ಲಿನ ಕೋಚ್ ಫೂಲ್‌ಚಂದ್ ಶರ್ಮಾ. ಇವರ ಕಥೆಯನ್ನು ಸ್ವಲ್ಪ ನಿಧಾನವಾಗಿ ಓದಿದರೆ ಪಟ್ಟಿ ಮಾಡುವವರ ತಕ್ಕಡಿಯೇ ಸರಿಯಿಲ್ಲ ಎನ್ನಿಸುತ್ತದೆ.

ಅವಾನಾ ಅವರದು ಸರಳ ಪ್ರಕರಣ. ದಿಲ್ಲಿ ತಂಡಕ್ಕೆ ರಣಜಿ ಆಡಿದರು, 2012ರ ಐಪಿಎಲ್‌ನಲ್ಲಿ ಕಿಂಗ್ಸ್ ಇಲೆವೆನ್ ಪಂಜಾಬ್ ಪರ 17 ವಿಕೆಟ್ ಪಡೆದರು, ಅದೇ ಡಿಸೆಂಬರಿನಲ್ಲಿ ಇಂಗ್ಲೆಂಡ್ ವಿರುದ್ಧ ಪುಣೆ ಮತ್ತು ಮುಂಬೈಯಲ್ಲಿ ಎರಡು ಟಿ20 ಆಡಿದರು. ವಿಕೆಟ್ ಬೀಳಲಿಲ್ಲ, ಮತ್ತೆ ಕರೆ ಬರಲಿಲ್ಲ. ಆದರೆ ಜನರ ನೆನಪಿನಲ್ಲಿ ಉಳಿದದ್ದು 2014ರ ಮೇ 30ರ ವಾಂಖೆಡೆಯ ಒಂದೇ ಓವರು. ಪಕ್ಕದ ಗಾಜಿಯಾಬಾದಿನ ಸುರೇಶ್ ರೈನಾ ಹೊಡೆತಕ್ಕೆ ಆ ಓವರಿನಲ್ಲಿ 33 ರನ್ ಹೋಯಿತು. ಆ ದಿನ ಗೆದ್ದದ್ದು ಪಂಜಾಬೇ ಎನ್ನುವುದನ್ನು ಯಾರೂ ಹೇಳುವುದಿಲ್ಲ. ಅವಾನಾ ಒಳ್ಳೆಯ ದೇಶಿ ಬೌಲರ್, ಅಂತರರಾಷ್ಟ್ರೀಯ ಮಟ್ಟಕ್ಕೆ ಒಂದು ಗೇಣು ಕಡಿಮೆ. 2018ರಲ್ಲಿ ನಿವೃತ್ತಿ ಹೇಳಿದರು. ಇದರಲ್ಲಿ ದುರಂತ ಹುಡುಕುವುದು ಅತಿಯಾಯಿತು.

ಮಾವಿಯ ವಿಷಯ ಹಾಗಲ್ಲ. ದಿಲ್ಲಿಯ ಎಳೆಯರ ತಂಡದಲ್ಲಿ ಜಾಗ ಕಳೆದುಕೊಂಡು ಉತ್ತರ ಪ್ರದೇಶಕ್ಕೆ ಬಂದ ಹುಡುಗ ಅವರು. ಯಮುನೆಯ ಈ ದಡದಲ್ಲಿ ಹುಟ್ಟಿದವರಿಗೆ ಅದೊಂದು ಅನುಕೂಲ, ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ರಾಜ್ಯದ ಬಾಗಿಲು ಇದೆ. 2018ರ ಜನವರಿಯಲ್ಲಿ ನ್ಯೂಜಿಲೆಂಡಿನ 19ರೊಳಗಿನವರ ವಿಶ್ವಕಪ್‌ನಲ್ಲಿ ಅವರೂ ರಾಜಸ್ಥಾನದ ಕಮಲೇಶ್ ನಾಗರಕೋಟಿಯೂ ಗಂಟೆಗೆ 145 ಕಿ.ಮೀ. ಆಸುಪಾಸಿನಲ್ಲಿ ಎಸೆದಾಗ ದೇಶವೇ ಟಿ.ವಿ. ಮುಂದೆ ಕೂತಿತ್ತು. ಟೂರ್ನಿ ಮುಗಿಯುವ ಮೊದಲೇ ಹರಾಜು ನಡೆಯಿತು. ಕೋಲ್ಕತ್ತಾ ತಂಡ ಮಾವಿಗೆ 3 ಕೋಟಿ, ನಾಗರಕೋಟಿಗೆ 3.2 ಕೋಟಿ ಕೊಟ್ಟಿತು. ನಾಗರಕೋಟಿ ಗಾಯದಿಂದ ಮೊದಲ ಎರಡು ಸೀಸನ್ ಆಡಲೇ ಇಲ್ಲ. ಮಾವಿ 2019ರಲ್ಲಿ ಬೆನ್ನುನೋವಿನಿಂದ ಹೊರಗುಳಿದರು.

ಇಲ್ಲಿ ಸ್ವಲ್ಪ ಶರೀರಶಾಸ್ತ್ರ ಬೇಕಾಗುತ್ತದೆ. ವೇಗದ ಬೌಲರ್ ಚೆಂಡು ಬಿಡುವ ಕ್ಷಣದಲ್ಲಿ ಮುಂಗಾಲು ನೆಲಕ್ಕೆ ಬೀಳುವಾಗ ದೇಹತೂಕದ ಹಲವು ಪಟ್ಟು ಭಾರ ಮೇಲೇರುತ್ತದೆ, ಸೊಂಟ ಅದೇ ಕ್ಷಣದಲ್ಲಿ ಒಂದು ಪಕ್ಕಕ್ಕೆ ಬಾಗಿ ತಿರುಗುತ್ತದೆ. ಸೊಂಟದ ಕಶೇರುಕಗಳು ಪೂರ್ತಿ ಗಟ್ಟಿಯಾಗಲು ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು. ಹತ್ತೊಂಬತ್ತರ ಹುಡುಗ ತನ್ನ ಮೂಳೆ ತಡೆಯುವುದಕ್ಕಿಂತ ಜೋರಾಗಿ ಎಸೆಯಬಲ್ಲ. ಆಗ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅದಕ್ಕೆ ಮೊದಲ ಮದ್ದು ತಿಂಗಳುಗಟ್ಟಲೆ ವಿಶ್ರಾಂತಿ. ಹರಾಜಿನ ಮೇಜಿಗೆ ಮಾತ್ರ ಸ್ಪೀಡ್ ಗನ್ನಿನ ಅಂಕಿ ಕಾಣುತ್ತದೆ, ಈ ಬಿರುಕು ಕಾಣುವುದಿಲ್ಲ.

ಹಾಗೆಂದು ಮಾವಿಯ ಬೌಲಿಂಗಿಗೆ ಕೊರತೆಯೇ ಇರಲಿಲ್ಲ ಎನ್ನಲಾರೆ. 2021ರ ಏಪ್ರಿಲ್ 29ರಂದು ಅಹಮದಾಬಾದಿನಲ್ಲಿ ಇನಿಂಗ್ಸಿನ ಮೊದಲ ಓವರು. ಮೊದಲ ಚೆಂಡು ವೈಡ್, ಅಲ್ಲಿಂದಾಚೆ ಆರಕ್ಕೆ ಆರೂ ಬೌಂಡರಿ. ಹೊಡೆದವರು ಪೃಥ್ವಿ ಶಾ, ಅದೇ 2018ರ ತಂಡದ ನಾಯಕ. ಪಂದ್ಯ ಮುಗಿದ ಮೇಲೆ ಮಾವಿ ನಗುತ್ತಾ ಗೆಳೆಯನ ಕತ್ತು ಹಿಡಿದದ್ದನ್ನು ಕ್ಯಾಮೆರಾ ಸೆರೆಹಿಡಿಯಿತು. ಆ ಓವರನ್ನು ಮತ್ತೆ ನೋಡಿದರೆ ದೋಷ ಗೊತ್ತಾಗುತ್ತದೆ: ಒಂದೇ ವೇಗ, ಬಾರಿಸಲು ಬೇಕಾದಷ್ಟು ಜಾಗ, ಏಟು ಬಿದ್ದ ಮೇಲೂ ನಿಧಾನಗತಿಯ ಚೆಂಡಿನ ಯೋಚನೆಯಿಲ್ಲ. ಮರು ವರ್ಷ ಪುಣೆಯಲ್ಲಿ ಲಖನೌ ತಂಡದ ಸ್ಟಾಯ್ನಿಸ್, ಹೋಲ್ಡರ್ ಇಬ್ಬರೂ ಸೇರಿ ಮಾವಿಯ ಒಂದೇ ಓವರಿನಲ್ಲಿ ಐದು ಸಿಕ್ಸರ್ ಎತ್ತಿದರು. ತಮಾಷೆಯೆಂದರೆ ಮುಂದೆ ಅದೇ ಲಖನೌ ಅವರನ್ನು 6.4 ಕೋಟಿ ಕೊಟ್ಟು ಕೊಂಡಿತು.

ಒಳ್ಳೆಯ ದಿನ ಬಂದದ್ದು 2023ರ ಜನವರಿ 3ಕ್ಕೆ. ವಾಂಖೆಡೆಯಲ್ಲಿ ಶ್ರೀಲಂಕಾ ವಿರುದ್ಧ ಭಾರತದ ಮೊತ್ತ 162. ಚೊಚ್ಚಲ ಪಂದ್ಯವಾಡುತ್ತಿದ್ದ ಮಾವಿ ತಮ್ಮ ಮೊದಲ ಓವರಿನಲ್ಲೇ ಪಾತುಂ ನಿಸ್ಸಂಕ ಅವರನ್ನು ಬೌಲ್ಡ್ ಮಾಡಿದರು. ಕೊನೆಗೆ 22 ರನ್ನಿಗೆ 4 ವಿಕೆಟ್, ಭಾರತಕ್ಕೆ ಎರಡು ರನ್ನಿನ ಗೆಲುವು. ಅವರಿಗೂ ಮೊದಲು ಚೊಚ್ಚಲ ಟಿ20ಯಲ್ಲಿ ನಾಲ್ಕು ವಿಕೆಟ್ ಕಿತ್ತ ಭಾರತೀಯರು ಇಬ್ಬರೇ. 2009ರಲ್ಲಿ ಪ್ರಜ್ಞಾನ್ ಓಝಾ, 2016ರಲ್ಲಿ ಹರಾರೆಯಲ್ಲಿ 10 ರನ್ನಿಗೆ 4 ವಿಕೆಟ್ ಪಡೆದ ಬರೀಂದರ್ ಸ್ರಾನ್. ಓಝಾ ಒಟ್ಟು ಆಡಿದ ಟಿ20 ಆರು, ಸ್ರಾನ್ ಆಡಿದ್ದು ಎರಡು. ಮಾವಿಯೂ ಆರರಲ್ಲೇ ನಿಂತಿದ್ದಾರೆ. ಅಂಥ ಆರಂಭದಿಂದ ಮುಂದಿನದನ್ನು ಊಹಿಸುವವರು ಈ ಮೂರು ಅಂಕಿಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಕನ್ನಡಿಗರಿಗೆ ಇದು ಹೊಸ ಕಥೆಯೇನಲ್ಲ. 1999ರ ನೈರೋಬಿ ಟೂರ್ನಿಯಲ್ಲಿ ಸರಣಿಶ್ರೇಷ್ಠರಾದ ವಿಜಯ್ ಭಾರದ್ವಾಜ್ ಹತ್ತು ಏಕದಿನ ಪಂದ್ಯಕ್ಕೆ ಮುಗಿದರು. ಇಲ್ಲಿಂದ ಹೆಚ್ಚು ದೂರವಿಲ್ಲದ ದಿಲ್ಲಿಯ ಕೋಟ್ಲಾ ಮೈದಾನದಲ್ಲಿ, 1996ರಲ್ಲಿ ಗಾಯಾಳು ಶ್ರೀನಾಥ್ ಜಾಗದಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ಆಡಿದ ಡೇವಿಡ್ ಜಾನ್ಸನ್ ಅವರಿಗೆ ದಕ್ಕಿದ್ದು ಎರಡೇ ಟೆಸ್ಟ್, ಮೂರು ವಿಕೆಟ್. ಆ ಕಾಲದಲ್ಲಿ ಆಯ್ಕೆಗಾರರ ಅಸಹನೆ ಒಂದೇ ಶತ್ರು. ಈಗ ಅದರ ಜತೆಗೆ ಬೆಲೆಯೂ ಸೇರಿದೆ.

ಆ ಬೆಲೆಯ ಏರಿಳಿತ ನೋಡಿ. ಮಾವಿ 2022ರಲ್ಲಿ 7.25 ಕೋಟಿಗೆ ಹೋದರು. 2023ಕ್ಕೆ ಗುಜರಾತ್ 6 ಕೋಟಿ ಕೊಟ್ಟು ಒಂದು ಪಂದ್ಯವನ್ನೂ ಆಡಿಸಲಿಲ್ಲ. 2024ಕ್ಕೆ ಲಖನೌ, ಮತ್ತೆ ಗಾಯ, ಮತ್ತೆ ಸೊನ್ನೆ. ಅದೇ ಏಪ್ರಿಲ್‌ನಲ್ಲಿ ಅದೇ ತಂಡದ ಮಯಂಕ್ ಯಾದವ್ ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ 156.7 ಕಿ.ಮೀ. ವೇಗದಲ್ಲಿ ಎಸೆದು ಎಲ್ಲರ ಹುಬ್ಬೇರಿಸಿದರು. ಅವರನ್ನು ತಂಡ 11 ಕೋಟಿಗೆ ಉಳಿಸಿಕೊಂಡಿತು, 2025ರಲ್ಲಿ ಅವರು ಆಡಿದ್ದು ಎರಡು ಪಂದ್ಯ. ಎರಡು ತಿಂಗಳ ಟೂರ್ನಿಗೆ ಕೋಟಿ ಸುರಿಯುವವರ ಲೆಕ್ಕದೊಳಗೆ ಬೌಲರಿನ ಉಳಿದ ಹತ್ತು ತಿಂಗಳು ಇಲ್ಲ. ಭಾರತೀಯ ಕ್ರಿಕೆಟ್ ಮಂಡಳಿ 2024ರ ಫೆಬ್ರುವರಿಯಲ್ಲಿ ಐವರು ವೇಗಿಗಳಿಗೆ ಪ್ರತ್ಯೇಕ ಗುತ್ತಿಗೆ ಕೊಟ್ಟಿತು. ಅದರಲ್ಲಿ ನಮ್ಮ ವಿದ್ವತ್ ಕಾವೇರಪ್ಪ, ವೈಶಾಖ್ ವಿಜಯ್‌ಕುಮಾರ್ ಇದ್ದರು, ಮಾವಿ ಇರಲಿಲ್ಲ. ಗುತ್ತಿಗೆಯ ಯೋಚನೆ ಸರಿಯಾದದ್ದೇ, ಆದರೆ ಗಾಯಗೊಂಡು ಮಲಗಿದವನನ್ನು ಕಾಯುವುದೂ ಅದರ ಕೆಲಸವಾಗಬೇಕಿತ್ತು. ಬುಮ್ರಾ 2023ರ ಮಾರ್ಚಿನಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಗಸ್ಟಿನಲ್ಲಿ ನಾಯಕರಾಗಿಯೇ ಮರಳಿದರು, ಏಕೆಂದರೆ ಅವರಿಗಾಗಿ ಜಾಗ ಕಾದಿತ್ತು.

ನೋಯ್ಡಾದ ಅಕಾಡೆಮಿಗಳಲ್ಲಿ ಈಗ ನೆಟ್‌ನ ಹಿಂದೆ ನಿಂತ ಅಪ್ಪಂದಿರ ಕೈಯಲ್ಲಿ ವೇಗ ಅಳೆಯುವ ಮೊಬೈಲ್ ಆ್ಯಪ್. ಹದಿಮೂರರ ಹುಡುಗ ಪ್ರತಿ ಎಸೆತಕ್ಕೂ ಹಿಂತಿರುಗಿ ಆ ಪರದೆ ನೋಡುತ್ತಾನೆ. ವಾರಕ್ಕೆ ಎಷ್ಟು ಎಸೆತ ಹಾಕಿದ ಎಂದು ಬರೆದಿಡುವ ಪುಸ್ತಕ ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ.

2025ರ ಹರಾಜಿನಲ್ಲಿ ಯಾರೂ ಕೊಳ್ಳದ ಮಾವಿಯನ್ನು 2026ರ ಸೀಸನ್ನಿಗೆ ಸನ್‌ರೈಸರ್ಸ್ ಹೈದರಾಬಾದ್ 75 ಲಕ್ಷಕ್ಕೆ ಕೊಂಡಿತು. ‘ಮರೆಯಾದವರು’ ಎಂದು ಬರೆದಿಟ್ಟವರು ಈಗ ಪಟ್ಟಿ ತಿದ್ದಬೇಕು. ನನಗೆ ಕಾಣುವಂತೆ ಅವರ ವೃತ್ತಿಯಲ್ಲೇ ಸರಿಯಾದ ಬೆಲೆ ಇದು. ಇಪ್ಪತ್ತೇಳರ ಮೂಳೆ ಹತ್ತೊಂಬತ್ತರದಕ್ಕಿಂತ ಗಟ್ಟಿ, ಮೇಲೆ ಹೇರಿದ ನಿರೀಕ್ಷೆಯೂ ಹಗುರ. ನಿಧಾನಗತಿಯ ಚೆಂಡೊಂದನ್ನು ಕಲಿತು ಬಂದಿದ್ದರೆ ಇನ್ನೂ ಆರೇಳು ವರ್ಷ ಆಡಬಲ್ಲರು.