ಮೇಲಿನ ಮೂತ್ರಮಾರ್ಗದ ಕ್ಯಾನ್ಸರ್: ಬದುಕುಳಿಯುವ ಮುನ್ಸೂಚನೆಯನ್ನು ಎಷ್ಟು ನಂಬಬಹುದು?

ವೈದ್ಯಕೀಯ ಪತ್ರಿಕೆಗಳಲ್ಲಿ ಒಂದು ಬಗೆಯ ಪ್ರಬಂಧ ಈಗ ಹೇರಳವಾಗಿ ಬರುತ್ತಿದೆ. ಒಂದು ಕ್ಯಾನ್ಸರನ್ನು ಆರಿಸಿಕೊಳ್ಳುವುದು, ಅಮೆರಿಕದ ದತ್ತಾಂಶ ಭಂಡಾರದಿಂದ ಕೆಲವು ಸಾವಿರ ರೋಗಿಗಳ ವಿವರವನ್ನು ಇಳಿಸಿಕೊಳ್ಳುವುದು, ಗಣಕದ ಸಹಾಯದಿಂದ ‘ನೋಮೋಗ್ರಾಮ್’ ಎಂಬ ನಕ್ಷೆಯನ್ನು ತಯಾರಿಸುವುದು. ರೋಗಿಯ ವಯಸ್ಸಿಗೆ ಇಷ್ಟು ಅಂಕ, ಗಡ್ಡೆಯ ಹಂತಕ್ಕೆ ಇಷ್ಟು, ದುಗ್ಧಗ್ರಂಥಿಗೆ ಹರಡಿದ್ದರೆ ಇಷ್ಟು ಎಂದು ಕೂಡಿಸಿದರೆ, ಕೊನೆಯ ಗೆರೆಯ ಮೇಲೆ ಆತ ಐದು ವರ್ಷ ಬದುಕಿರುವ ಸಂಭವನೀಯತೆಯನ್ನು ಶೇಕಡಾ ಲೆಕ್ಕದಲ್ಲಿ ಓದಿಕೊಳ್ಳಬಹುದು. ಇಂಥ ಲೆಕ್ಕಗಳು ಈಗ ಮೊಬೈಲಿನಲ್ಲೂ ಸಿಗುತ್ತವೆ. ಮೇಲಿನ ಮೂತ್ರಮಾರ್ಗದ ಕ್ಯಾನ್ಸರಿಗಾಗಿ ಮಾಡಿದ ಇಂಥ ನಕ್ಷೆಯು ಗದಗ ಜಿಲ್ಲೆಯ ರೋಣ, ನರಗುಂದ ಅಥವಾ ಗಜೇಂದ್ರಗಡದ ರೋಗಿಯೊಬ್ಬನಿಗೆ ಹೇಳುವ ಸಂಖ್ಯೆಗೆ ಏನರ್ಥ? ಯಾವ ರೋಗಿಯ ಸ್ಥಿತಿ ಹೆಚ್ಚು ಗಂಭೀರ ಎಂದು ಸಾಲಿನಲ್ಲಿ ನಿಲ್ಲಿಸುವುದಕ್ಕೆ ಅದನ್ನು ಬಳಸಬಹುದು. ಆದರೆ ಇಲ್ಲಿಯ ರೋಗಿಗಳ ಮೇಲೆ ಪರೀಕ್ಷಿಸಿ ಸರಿಪಡಿಸುವವರೆಗೆ ಅದರ ಶೇಕಡಾ ಸಂಖ್ಯೆಯನ್ನು ನಂಬಲಾಗದು ಎಂಬುದು ನನ್ನ ಅಭಿಪ್ರಾಯ. ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಆದರೆ ಇಲ್ಲಿರುವ ಪ್ರಶ್ನೆ ಅಳತೆಗೆ ಸಂಬಂಧಿಸಿದ್ದು.

ಮೊದಲು ರೋಗದ ಬಗ್ಗೆ ಎರಡು ಮಾತು. ಮೂತ್ರಪಿಂಡದೊಳಗೆ ಮೂತ್ರ ಬಂದು ಸೇರುವ ಆಲಿಕೆಯಾಕಾರದ ಭಾಗ, ಅಲ್ಲಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ, ಮೂತ್ರಕೋಶ ಇವೆಲ್ಲಕ್ಕೂ ಒಳಗಡೆ ಒಂದೇ ಬಗೆಯ ಪೊರೆ ಇದೆ. ಈ ಪೊರೆಯಲ್ಲಿ ಹುಟ್ಟುವ ಕ್ಯಾನ್ಸರುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಮೂತ್ರಕೋಶದಲ್ಲಿ ಕಾಣಿಸುತ್ತವೆ. ಆಲಿಕೆಯಲ್ಲಿ ಮತ್ತು ಮೂತ್ರನಾಳದಲ್ಲಿ ಹುಟ್ಟುವವು ಶೇಕಡಾ 5ರಿಂದ 10 ಮಾತ್ರ. ಪಾಶ್ಚಾತ್ಯ ದೇಶಗಳಲ್ಲಿ ಇದು ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಇಬ್ಬರಿಗೆ ಬರುತ್ತದೆ. ಅಪರೂಪದ್ದು ಹೌದು, ಆದರೆ ಕೆಟ್ಟದ್ದು. ಮೂತ್ರಕೋಶದ ಗಡ್ಡೆ ಪತ್ತೆಯಾಗುವಾಗ ನಾಲ್ಕರಲ್ಲಿ ಒಂದು ಅಥವಾ ಅದಕ್ಕಿಂತ ಕಡಿಮೆ ಪಾಲು ಆಳಕ್ಕೆ ಇಳಿದಿರುತ್ತದೆ. ಮೇಲಿನ ಮಾರ್ಗದ್ದರಲ್ಲಿ ಈ ಪಾಲು ಶೇಕಡಾ 60ರಷ್ಟು. ಸಾಮಾನ್ಯ ಚಿಕಿತ್ಸೆ ಎಂದರೆ ಆ ಬದಿಯ ಮೂತ್ರಪಿಂಡವನ್ನೂ ಮೂತ್ರನಾಳವನ್ನೂ ಪೂರ್ತಿಯಾಗಿ ತೆಗೆದುಹಾಕುವ ಶಸ್ತ್ರಚಿಕಿತ್ಸೆ.

ಮೊದಲ ಸೂಚನೆ ಹೆಚ್ಚಾಗಿ ಮೂತ್ರದಲ್ಲಿ ರಕ್ತ. ನೋವಿಲ್ಲದ ರಕ್ತ. ಬಿಸಿಲು ಹೆಚ್ಚು, ನೀರು ಕಡಿಮೆ ಇರುವ ಸೀಮೆಯಲ್ಲಿ ಇದನ್ನು ‘ಉಷ್ಣ’ ಎಂದೋ ‘ಹರಳು’ ಎಂದೋ ತಳ್ಳಿಹಾಕುವುದು ಸುಲಭ.

ಈಗ ನಕ್ಷೆಯ ವಿಚಾರ. ನೋಮೋಗ್ರಾಮ್ ವೈದ್ಯರ ಆವಿಷ್ಕಾರವಲ್ಲ. 1880ರ ದಶಕದಲ್ಲಿ ಫ್ರಾನ್ಸಿನ ಎಂಜಿನಿಯರ್ ಮೋರಿಸ್ ದೊಕಾನ್ಯ್ ರೂಪಿಸಿದ ಗಣನಾ ವಿಧಾನವದು. ಕ್ಯಾಲ್ಕ್ಯುಲೇಟರ್ ಬರುವ ಮುನ್ನ ಸ್ಲೈಡ್ ರೂಲಿನ ಜೊತೆಗೆ ಇದೂ ಎಂಜಿನಿಯರುಗಳ ಮೇಜಿನ ಮೇಲಿರುತ್ತಿತ್ತು. ಅದು ಒಂದು ಸಮೀಕರಣದ ಚಿತ್ರ, ಅಷ್ಟೆ. ಸಮೀಕರಣ ಸರಿಯಿದ್ದರೆ ಚಿತ್ರವೂ ಸರಿ. ಕ್ಯಾನ್ಸರ್ ನಕ್ಷೆಗಳ ಹಿಂದಿರುವ ಸಮೀಕರಣ ಬಹುಪಾಲು 1972ರಲ್ಲಿ ಬ್ರಿಟನ್ನಿನ ಸಂಖ್ಯಾವಿಜ್ಞಾನಿ ಡೇವಿಡ್ ಕಾಕ್ಸ್ ಕೊಟ್ಟದ್ದು. ಅದರ ಪ್ರಕಾರ ಒಬ್ಬ ರೋಗಿಯ ಅಪಾಯ ಎರಡು ಸಂಗತಿಗಳ ಗುಣಲಬ್ಧ: ಆ ಸಮುದಾಯಕ್ಕೆಲ್ಲ ಸಾಮಾನ್ಯವಾದ ‘ಮೂಲ ಅಪಾಯ’ ಮತ್ತು ವಯಸ್ಸು, ಹಂತ ಮುಂತಾದವುಗಳಿಂದ ಬರುವ ‘ಗುಣಕ’.

ವಿಕಿರಣಪಟುತ್ವದ ಪಾಠ ಮಾಡಿರುವ ಅಧ್ಯಾಪಕರಿಗೆ ಇದು ಅಪರಿಚಿತವೆನಿಸದು. ನ್ಯೂಕ್ಲಿಯಸ್ಸುಗಳ ಕ್ಷಯ ಸ್ಥಿರಾಂಕದ ಜಾಗದಲ್ಲಿ ಇಲ್ಲಿ ಕಾಲದೊಂದಿಗೆ ಬದಲಾಗುವ ಅಪಾಯವಿದೆ. ಅರ್ಧಾಯುವನ್ನು ತಿಳಿದ ಮಾತ್ರಕ್ಕೆ ಈ ಒಂದು ನ್ಯೂಕ್ಲಿಯಸ್ ಯಾವಾಗ ಒಡೆಯುತ್ತದೆಂದು ಹೇಳಲಾಗದು. ಸಮೂಹದ ವಿಷಯವನ್ನಷ್ಟೇ ಹೇಳಬಹುದು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಒಂದು ರೇಡಿಯಮ್ ನ್ಯೂಕ್ಲಿಯಸ್ ಪ್ಯಾರಿಸ್ಸಿನಲ್ಲಿದ್ದರೂ ಒಂದೇ, ನರಗುಂದದಲ್ಲಿದ್ದರೂ ಒಂದೇ. ರೋಗಿಗಳು ಹಾಗಲ್ಲ.

ಈ ವ್ಯತ್ಯಾಸ ಎಷ್ಟು ದುಬಾರಿಯಾಗಬಹುದೆಂದು ಒಂದು ಲೆಕ್ಕದಿಂದ ನೋಡೋಣ. ಒಂದು ಸಮುದಾಯದಲ್ಲಿ ಐದು ವರ್ಷ ಬದುಕುಳಿಯುವ ಮೂಲ ಸಂಭವನೀಯತೆ 0.70 ಎಂದಿಟ್ಟುಕೊಳ್ಳಿ. ರೋಗಿಯ ಗುಣಕ 2 ಆದರೆ ಕಾಕ್ಸ್ ಸಮೀಕರಣದ ಪ್ರಕಾರ ಅವನ ಸಂಭವನೀಯತೆ 0.70ರ ವರ್ಗ, ಅಂದರೆ 0.49. ಇನ್ನೊಂದು ಸಮುದಾಯದಲ್ಲಿ ಮೂಲ 0.50 ಇದ್ದರೆ, ಅದೇ ಗುಣಕದ ರೋಗಿಗೆ 0.25. ಗುಣಕ ಎರಡೂ ಕಡೆ ಸರಿಯಾಗಿಯೇ ಇದೆ. ನಕ್ಷೆಯ ಮೇಲಿನ ಅಂಕಗಳೂ ಅವೇ. ತಪ್ಪಿರುವುದು ಕೊನೆಯ ಗೆರೆಯ ಗುರುತುಗಳು ಮಾತ್ರ. ಆದರೆ ರೋಗಿಯ ಮನೆಯವರಿಗೆ ಕೇಳಿಸುವುದು ಆ ಕೊನೆಯ ಗೆರೆ ಒಂದೇ. ‘ಅರ್ಧಕ್ಕರ್ಧ’ ಎಂದರೆ ಮುಂಗಡ ಸಾಲ ತಂದಾದರೂ ಹುಬ್ಬಳ್ಳಿಗೆ ಹೊರಡುವ ಕುಟುಂಬ, ‘ನಾಲ್ಕರಲ್ಲಿ ಒಂದು’ ಎಂದರೆ ಊರಿಗೆ ಹಿಂದಿರುಗಬಹುದು. ತಪ್ಪು ಯಾವ ದಿಕ್ಕಿಗೂ ಆಗಬಹುದೆಂಬುದನ್ನು ಗಮನಿಸಬೇಕು. ನಮ್ಮ ರೋಗಿ ಅಮೆರಿಕದ ಸರಾಸರಿ ರೋಗಿಗಿಂತ ಚಿಕ್ಕ ವಯಸ್ಸಿನವನಾಗಿರಬಹುದು. ಆಗ ನಕ್ಷೆ ಕೊಡುವ ಸಂಖ್ಯೆ ಅನಗತ್ಯವಾಗಿ ಹೆದರಿಸುವುದೂ ಸಾಧ್ಯ.

ನಕ್ಷೆ ಮಾಡುವವರು ಇದನ್ನು ಪರೀಕ್ಷಿಸುವುದಿಲ್ಲವೆ ಎಂದು ಓದುಗರು ಕೇಳಬಹುದು. ಪರೀಕ್ಷಿಸುತ್ತಾರೆ, ಆದರೆ ಹೇಗೆ? 2010ರಲ್ಲಿ ‘ಕ್ಯಾನ್ಸರ್’ ಎಂಬ ಅಮೆರಿಕನ್ ಪತ್ರಿಕೆಯಲ್ಲಿ ಈ ರೋಗದ ಬಗ್ಗೆ ಬಂದ ಪ್ರಬಂಧವನ್ನೇ ತೆಗೆದುಕೊಳ್ಳೋಣ. ಅದು ಇಂಥವುಗಳಲ್ಲಿ ಉತ್ತಮವಾದದ್ದು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1973ರಿಂದ ನಡೆಸುತ್ತಿರುವ ‘ಸೀರ್’ ನೋಂದಣಿಯ ಸುಮಾರು ಆರು ಸಾವಿರ ರೋಗಿಗಳು ಅದರಲ್ಲಿದ್ದಾರೆ. ಅರ್ಧದಷ್ಟು ರೋಗಿಗಳ ಮೇಲೆ ನಕ್ಷೆ ಕಟ್ಟಿ, ಉಳಿದರ್ಧದ ಮೇಲೆ ಪರೀಕ್ಷಿಸಿದರು. ನಿಖರತೆ ಸುಮಾರು ಶೇಕಡಾ 75 ಬಂದಿತು. ಎರಡೂ ಪಾಲು ಒಂದೇ ನೋಂದಣಿಯವು. ಒಂದೇ ಅಂಗಡಿಯ ತೂಕದ ಬಟ್ಟುಗಳನ್ನು ಅದೇ ಅಂಗಡಿಯ ತಕ್ಕಡಿಯಲ್ಲಿ ತೂಗಿ ‘ಸರಿಯಾಗಿದೆ’ ಎಂದಂತೆ.

ಆ ‘ಶೇಕಡಾ 75’ ಎಂಬುದನ್ನೂ ಬಿಡಿಸಿ ನೋಡಬೇಕು. ಅದರರ್ಥ ನೂರರಲ್ಲಿ 75 ರೋಗಿಗಳ ಭವಿಷ್ಯ ಸರಿಯಾಯಿತೆಂದಲ್ಲ. ಹೋಲಿಸಲು ಬರುವ ಇಬ್ಬಿಬ್ಬರು ರೋಗಿಗಳ ಜೋಡಿಗಳನ್ನು ತೆಗೆದುಕೊಂಡರೆ, ನೂರು ಜೋಡಿಗಳಲ್ಲಿ 75ರಷ್ಟರಲ್ಲಿ ಯಾರು ಮೊದಲು ತೀರಿಕೊಂಡರೆಂಬುದನ್ನು ನಕ್ಷೆ ಸರಿಯಾಗಿ ಹೇಳಿತು ಎಂದು. ನಾಣ್ಯ ಚಿಮ್ಮಿದರೂ 50 ಸರಿಯಾಗುತ್ತವೆ. ಜೋಡಿಯಲ್ಲಿ ಒಬ್ಬರಿಗೆ 45 ವರ್ಷ, ಗಡ್ಡೆ ಮೇಲ್ಪದರದಲ್ಲಷ್ಟೇ ಇದೆ, ಇನ್ನೊಬ್ಬರಿಗೆ 80 ವರ್ಷ, ಗ್ರಂಥಿಗಳಿಗೂ ಹರಡಿದೆ ಎಂದಾದರೆ ಯಾವ ವೈದ್ಯರೂ ನಕ್ಷೆಯಿಲ್ಲದೆ ಹೇಳಿಬಿಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ಅಳತೆ ಸಾಲಿನ ಕ್ರಮವನ್ನು ಮಾತ್ರ ನೋಡುತ್ತದೆ. ಉಷ್ಣಮಾಪಕವೊಂದು ಎಲ್ಲ ತಾಪಗಳನ್ನೂ 10 ಡಿಗ್ರಿ ಹೆಚ್ಚಾಗಿ ತೋರಿಸಿದರೂ ಯಾವುದು ಬಿಸಿ, ಯಾವುದು ತಣ್ಣಗೆ ಎಂಬ ಕ್ರಮ ತಪ್ಪುವುದಿಲ್ಲ. ಆದ್ದರಿಂದ ಕ್ರಮದ ಪರೀಕ್ಷೆಯಲ್ಲಿ ಅದಕ್ಕೆ ಪೂರ್ಣ ಅಂಕ! ಮಾಪಕದ ಗುರುತುಗಳು ಸರಿಯಿವೆಯೆ ಎಂಬ ಪರೀಕ್ಷೆಯನ್ನು, ಅಂದರೆ ಕ್ಯಾಲಿಬ್ರೇಷನ್ನನ್ನು, ಬಳಸುವ ಜಾಗದಲ್ಲೇ ಮಾಡಬೇಕು.

ಇನ್ನು ದತ್ತಾಂಶದ ಕಾಲಮ್ಮುಗಳು. ಧೂಮಪಾನವು ಈ ರೋಗದ ಮುಖ್ಯ ಕಾರಣಗಳಲ್ಲಿ ಒಂದು; ಸೀರ್ ಕಡತದಲ್ಲಿ ಅದರ ಕಾಲಮ್ ಇಲ್ಲ. ಕೀಮೋಥೆರಪಿಯ ಕಾಲಮ್ಮಿನಲ್ಲಿ ‘ಕೊಟ್ಟಿದೆ’ ಎಂಬುದೊಂದು, ‘ಕೊಟ್ಟಿಲ್ಲ ಅಥವಾ ಗೊತ್ತಿಲ್ಲ’ ಎಂಬುದೊಂದು. ಆದರೆ ರೋಗಿಗೆ ಮದುವೆಯಾಗಿದೆಯೆ ಎಂಬ ಮಾಹಿತಿ ಇದೆ. ಇದೆ ಎಂಬ ಕಾರಣಕ್ಕೇ ಸೀರ್ ಆಧಾರಿತ ಎಷ್ಟೋ ನಕ್ಷೆಗಳಲ್ಲಿ ವೈವಾಹಿಕ ಸ್ಥಿತಿಗೂ ಅಂಕಗಳಿವೆ. ಒಂಟಿ ಬದುಕು ಸಾಮಾನ್ಯವಾಗಿರುವ ದೇಶದಲ್ಲಿ ಇದಕ್ಕೆ ಅರ್ಥವಿರಬಹುದು. ಗಜೇಂದ್ರಗಡದ ವಿಧವೆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವವರು ಮಗನೋ ಅಳಿಯನೋ ತಮ್ಮನೋ ಆಗಿರುತ್ತಾರೆ. ಅವಳ ಅಂಕವನ್ನು ಕಡಿತ ಮಾಡುವುದು ಯಾವ ನ್ಯಾಯ? ಜನಾಂಗದ ಗೆರೆಯಲ್ಲಿ ‘ಬಿಳಿಯರು, ಕಪ್ಪು ಜನರು, ಇತರರು’ ಎಂದಿದ್ದರೆ ನಾವೆಲ್ಲ ಇತರರು.

ಕಾಲವೂ ಸರಿದಿದೆ. ಬ್ರಿಟನ್ನಿನಲ್ಲಿ 261 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ‘ಪೌಟ್’ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆಯ ನಂತರ 90 ದಿನಗಳೊಳಗೆ ಪ್ಲಾಟಿನಮ್ ಆಧಾರಿತ ಕೀಮೋಥೆರಪಿ ಆರಂಭಿಸಿದವರಲ್ಲಿ ಶೇಕಡಾ 71 ಮಂದಿ ಮೂರು ವರ್ಷಗಳ ನಂತರ ರೋಗಮುಕ್ತರಾಗಿದ್ದರು. ನಿಗಾದಲ್ಲಷ್ಟೇ ಇದ್ದವರಲ್ಲಿ ಶೇಕಡಾ 46. ಅದಕ್ಕೂ ಹಿಂದಿನ ರೋಗಿಗಳಿಂದ ಕಟ್ಟಿದ ನಕ್ಷೆಗೆ ಈ ಸಂಗತಿ ಗೊತ್ತಿಲ್ಲ.

ಕಾರಣಗಳೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುವ ರೋಗವಿದು. ತೈವಾನಿನಲ್ಲಿ ಮೇಲಿನ ಮಾರ್ಗದ ಪಾಲು ಶೇಕಡಾ 5–10ಕ್ಕಿಂತ ಬಹಳ ಹೆಚ್ಚು, ಹೆಂಗಸರಲ್ಲೂ ವ್ಯಾಪಕ. ಅರಿಸ್ಟೊಲೋಕಿಯ ಜಾತಿಯ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಅಲ್ಲಿ ಒಂದು ಮುಖ್ಯ ಕಾರಣ. ಬೆಲ್ಜಿಯಮ್ಮಿನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ಸೇವಿಸಿ ಮೂತ್ರಪಿಂಡ ಕಳೆದುಕೊಂಡವರಲ್ಲಿ 39 ಮಂದಿಯ ಮೂತ್ರಪಿಂಡ, ಮೂತ್ರನಾಳಗಳನ್ನು ಮುನ್ನೆಚ್ಚರಿಕೆಯಾಗಿ ತೆಗೆದು ಪರೀಕ್ಷಿಸಿದಾಗ 18 ಮಂದಿಯಲ್ಲಿ ಕ್ಯಾನ್ಸರ್ ಇದ್ದುದು 2000ದಲ್ಲಿ ವರದಿಯಾಯಿತು. ನಮ್ಮ ಹಳ್ಳಿ ಮದ್ದಿನ ಈಶ್ವರಿ ಬಳ್ಳಿ ಇದೇ ಅರಿಸ್ಟೊಲೋಕಿಯ ಜಾತಿಯದು, ಅದರಲ್ಲೂ ಈ ಆಮ್ಲವಿದೆ. ಬಹುಕಾಲ ಉಳಿದ ಹರಳು ಮತ್ತು ಸೋಂಕಿನಿಂದ ಆಲಿಕೆಯಲ್ಲಿ ಬೇರೆಯೇ ಬಗೆಯ, ಹುರುಪೆ ಜೀವಕೋಶಗಳ ಕ್ಯಾನ್ಸರ್ ಬರುವುದುಂಟು. ಒಳಪೊರೆಯ ಕ್ಯಾನ್ಸರಿಗಾಗಿ ಮಾಡಿದ ನಕ್ಷೆ ಅದಕ್ಕೆ ಅನ್ವಯಿಸದು. ರೋಣದ ರೋಗಿಯನ್ನು ಯಾರಾದರೂ ಈ ಎರಡು ಪ್ರಶ್ನೆ ಕೇಳಿ ಬರೆದಿಟ್ಟಿದ್ದಾರೆಯೆ?

ಹಾಗಾದರೆ ನಮ್ಮದೇ ಅಂಕಿ ಅಂಶ ಎಲ್ಲಿದೆ? ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಜನಸಂಖ್ಯಾ ನೋಂದಣಿ ನಡೆದಿದೆ. ಗ್ರಾಮೀಣ ಭಾರತದ ಮೊದಲ ನೋಂದಣಿ 1987ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಶುರುವಾಯಿತು. 2020ರ ರಾಷ್ಟ್ರೀಯ ವರದಿಯಲ್ಲಿ 28 ಜನಸಂಖ್ಯಾ ನೋಂದಣಿಗಳ ಅಂಕಿಗಳಿದ್ದವು. ಕರ್ನಾಟಕದ್ದು ಬೆಂಗಳೂರು ಒಂದೇ. ಕಪ್ಪು ಮಣ್ಣಿನ ಸೀಮೆಯ ರೈತನ ಬಗ್ಗೆ ಬೆಂಗಳೂರಿನ ಅಂಕಿಗಳಿಂದ ಎಷ್ಟು ತಿಳಿದೀತು? ಇನ್ನೊಂದು ತೊಡಕು ವರ್ಗೀಕರಣದ್ದು. ಆಲಿಕೆಯ ಕ್ಯಾನ್ಸರಿಗೆ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಪ್ರತ್ಯೇಕ ಸಂಕೇತವಿದ್ದರೂ, ‘ಗ್ಲೋಬೊಕಾನ್’ನಂಥ ಜಾಗತಿಕ ಕೋಷ್ಟಕಗಳು ಅದನ್ನು ಮೂತ್ರಪಿಂಡದ ಕ್ಯಾನ್ಸರಿನ ಜೊತೆ ಕೂಡಿಸಿಬಿಡುತ್ತವೆ. ಸ್ವಭಾವದಲ್ಲಿ ಅವೆರಡೂ ಬೇರೆ ರೋಗಗಳು.

ಮೂರು ತಾಲ್ಲೂಕುಗಳಲ್ಲಷ್ಟೇ ಎಣಿಸಿದರೆ ಏನಾಗುತ್ತದೆಂಬುದು ತರಗತಿಯಲ್ಲಿ ಮಾಡಿಸಲು ಒಳ್ಳೆಯ ಲೆಕ್ಕ. ಜನಸಂಖ್ಯೆ 4 ಲಕ್ಷವೆಂದೂ, ನಮ್ಮಲ್ಲಿ ವೃದ್ಧರ ಪಾಲು ಕಡಿಮೆಯಾದ್ದರಿಂದ ದರ ಲಕ್ಷಕ್ಕೆ 0.5 ಎಂದೂ ಲೆಕ್ಕದ ಸಲುವಾಗಿ ಹಿಡಿಯೋಣ. ಸರಾಸರಿ ವರ್ಷಕ್ಕೆ 2 ಹೊಸ ರೋಗಿಗಳು. ಪ್ವಾಸ್ಸಾನ್ ಸೂತ್ರದ ಪ್ರಕಾರ ಒಬ್ಬರೂ ಇಲ್ಲದ ವರ್ಷದ ಸಂಭವನೀಯತೆ 0.135, ಅಂದರೆ ಏಳೆಂಟು ವರ್ಷಗಳಿಗೊಮ್ಮೆ. ಐದು ಅಥವಾ ಹೆಚ್ಚು ಬರುವ ಸಂಭವನೀಯತೆ 0.053, ಸುಮಾರು 19 ವರ್ಷಗಳಿಗೊಮ್ಮೆ. ಅಂಥ ವರ್ಷದಲ್ಲಿ ‘ನೀರಿನಿಂದ ಕ್ಯಾನ್ಸರ್’ ಎಂಬ ಸುದ್ದಿ ಹಬ್ಬಿದರೆ ಆಶ್ಚರ್ಯವಿಲ್ಲ. ಗೈಗರ್ ಗಣಕದ ಮುಂದೆ ಕುಳಿತ ವಿದ್ಯಾರ್ಥಿಗೆ ಅದು ಬರೀ ಏರಿಳಿತವೆಂದು ಗೊತ್ತು. ಹತ್ತು ವರ್ಷ ಎಣಿಸಿದರೂ 20 ರೋಗಿಗಳು, ದೋಷ 20ರ ವರ್ಗಮೂಲ, ಅಂದರೆ ಶೇಕಡಾ 22. ಎಣಿಕೆಗೂ ಅಡ್ಡಿಗಳಿವೆ. 2011ರ ಜನಗಣತಿಯಲ್ಲಿ ಗಜೇಂದ್ರಗಡ ರೋಣ ತಾಲ್ಲೂಕಿನೊಳಗಿತ್ತು. ರೋಗಿ ಗದಗಕ್ಕೋ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಿ, ಅಲ್ಲಿಯ ನೆಂಟರ ಮನೆಯ ವಿಳಾಸ ಬರೆಸಿದರೆ ಈ ಪಟ್ಟಿಯಿಂದಲೇ ಕಾಣೆಯಾಗುತ್ತಾನೆ.

ಕಾಣೆಯಾಗುವುದರ ಇನ್ನೊಂದು ಮುಖ ಹೆಚ್ಚು ಗಂಭೀರ. ಬದುಕುಳಿದವರ ರೇಖೆ ಎಳೆಯುವ ಕಪ್ಲಾನ್–ಮೇಯರ್ ವಿಧಾನ 1958ರದು. ನಡುವೆ ಸಂಪರ್ಕ ತಪ್ಪಿದವರನ್ನು ಅದು ‘ಉಳಿದವರಂತೆಯೇ’ ಎಂದು ಭಾವಿಸಿ ಲೆಕ್ಕದಿಂದ ಬಿಡುತ್ತದೆ. ಹತ್ತು ಜನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ನಾಲ್ವರು ಮತ್ತೆ ಬರಲೇ ಇಲ್ಲ, ಉಳಿದ ಆರರಲ್ಲಿ ಇಬ್ಬರು ವರ್ಷದೊಳಗೆ ತೀರಿಕೊಂಡರು ಎನ್ನೋಣ. ಸೂತ್ರದ ಉತ್ತರ ಆರರಲ್ಲಿ ನಾಲ್ಕು, ಶೇಕಡಾ 67. ಬಾರದ ನಾಲ್ವರೂ ಬದುಕಿದ್ದರೆ ನಿಜವಾದ ಉತ್ತರ 80; ನಾಲ್ವರೂ ತೀರಿಕೊಂಡಿದ್ದರೆ 40. ಸುಗ್ಗಿಯ ಕೆಲಸದಿಂದ ಬಾರದವನು, ಹಣ ಮುಗಿದು ಬಾರದವನು, ಏಳಲಾರದೆ ಬಾರದವನು ಮೂವರೂ ರಿಜಿಸ್ಟರಿನಲ್ಲಿ ಒಂದೇ ಖಾಲಿ ಜಾಗ. ನಮ್ಮ ಆಸ್ಪತ್ರೆಯೊಂದರ ಅಂಕಿಗಳಿಂದ ‘ಭಾರತೀಯ ನಕ್ಷೆ’ ಕಟ್ಟಿದರೂ ಈ ಜಾಗ ತುಂಬದಿದ್ದರೆ ಅಮೆರಿಕದ್ದಕ್ಕಿಂತ ಉತ್ತಮವೇನಾಗದು.

ಸರಿಪಡಿಸಲು ಹೊಸ ನಕ್ಷೆ ಬೇಕಿಲ್ಲ. ಇರುವ ಗುಣಕಗಳನ್ನು ಇಟ್ಟುಕೊಂಡು ಮೂಲ ಅಪಾಯವನ್ನಷ್ಟೇ ಇಲ್ಲಿ ಅಳೆದರೆ ಬಹುಪಾಲು ಕೆಲಸವಾಗುತ್ತದೆ. ಇಂಥ ಪರೀಕ್ಷೆಗೆ ಕನಿಷ್ಠ 100 ಸಾವುಗಳ ಮಾಹಿತಿ ಬೇಕೆಂದು ಸಂಖ್ಯಾವಿಜ್ಞಾನಿಗಳು ಹೇಳುತ್ತಾರೆ. ಅಂದರೆ, ಐದು ವರ್ಷದಲ್ಲಿ ಅರ್ಧದಷ್ಟು ರೋಗಿಗಳು ತೀರಿಕೊಳ್ಳುವರೆಂದರೆ, 200 ರೋಗಿಗಳು. ಮೂರು ತಾಲ್ಲೂಕಿಗೆ ಇದು ನೂರು ವರ್ಷದ ಕೆಲಸ. ಆದರೆ ಬೆಳಗಾವಿ ವಿಭಾಗದ ಏಳು ಜಿಲ್ಲೆಗಳ ಜನಸಂಖ್ಯೆ 2011ರಲ್ಲೇ ಒಂದೂವರೆ ಕೋಟಿಯ ಹತ್ತಿರವಿತ್ತು. ಅದೇ ದರದಲ್ಲಿ ವರ್ಷಕ್ಕೆ ಸುಮಾರು 75 ರೋಗಿಗಳು. ಮೂರು ವರ್ಷದೊಳಗೆ 200 ದಾಟುತ್ತದೆ. ಕರ್ನಾಟಕದಲ್ಲಿ ಕ್ಯಾನ್ಸರ್ ವರದಿ ಮಾಡಲೇಬೇಕಾದ ರೋಗವೆಂದು ಸರ್ಕಾರ ಘೋಷಿಸಿರುವುದರಿಂದ ಕಾನೂನಿನ ಅಡ್ಡಿಯಿಲ್ಲ. ರಿಜಿಸ್ಟರಿಗೆ ಬೇಕಾದವು ಕೆಲವೇ ಕಾಲಮ್ಮುಗಳು: ಹುಟ್ಟೂರಲ್ಲ, ವಾಸದ ಊರು, ಮೂತ್ರದಲ್ಲಿ ಮೊದಲು ರಕ್ತ ಕಂಡ ತಿಂಗಳು, ಬೀಡಿ, ತಂಬಾಕು, ನಾಟಿ ಮದ್ದು, ಹಳೆಯ ಹರಳು, ಇಬ್ಬರು ಸಂಬಂಧಿಕರ ಫೋನ್ ನಂಬರು. ವರ್ಷಕ್ಕೆ 75ರಂತೆ ಐದು ವರ್ಷದ ಕೊನೆಗೆ 375 ಹೆಸರುಗಳಾಗುತ್ತವೆ. ಒಬ್ಬೊಬ್ಬರಿಗೆ ಮೂರು ತಿಂಗಳಿಗೊಮ್ಮೆ ಫೋನ್ ಮಾಡಿ ಹೇಗಿದ್ದಾರೆಂದು ಕೇಳಿ ಬರೆದುಕೊಂಡರೆ ವರ್ಷಕ್ಕೆ 1500 ಕರೆಗಳು, ಕೆಲಸದ ದಿನಕ್ಕೆ ಐದಾರು.