ಶ್ರೇಣೀಲಾಂಛನ ವಿಚಾರ

ಗಣಕಯಂತ್ರಗಳ ಜಾಲದಲ್ಲಿ ನಾನಾ ದೇಶದವರು ಏಕಕಾಲಕ್ಕೆ ಕೂಡಿ, ಒಬ್ಬೊಬ್ಬರು ಒಂದೊಂದು ವೇಷವನ್ನು ಧರಿಸಿ ಆಡುವ ಆಟಗಳಲ್ಲಿ ಆಟಗಾರರು ಗಿಲ್ಡ್ ಎಂಬ ಕೂಟಗಳನ್ನು ಕಟ್ಟಿಕೊಳ್ಳುವರು. ನಮ್ಮ ಪ್ರಾಚೀನರ ಶ್ರೇಣಿ ಎಂಬ ಮಾತು ಇದಕ್ಕೆ ಸಲ್ಲುವುದು. ಐಹೊಳೆಯ ಐನೂರ್ವರೆಂಬ ವರ್ತಕಸಂಘದ ಬಾವುಟವನ್ನು ಶಾಸನಗಳು ಗುಡ್ಡಧ್ವಜವೆಂದು ಹೊಗಳುವುವು. ಈ ಕೂಟಗಳಿಗೂ ತಮ್ಮತಮ್ಮ ಲಾಂಛನಗಳುಂಟು. ಅವುಗಳ ಗುಣದೋಷಗಳನ್ನು ಇಲ್ಲಿ ಸ್ವಲ್ಪ ವಿವೇಚಿಸುವೆವು.

2002ರಲ್ಲಿ ಕೊರಿಯಾ ದೇಶದಲ್ಲಿ ಪ್ರಾರಂಭವಾದ ರಾಗ್ನರಾಕ್ ಆನ್‌ಲೈನ್ ಎಂಬ ಆಟದಲ್ಲಿ ಗಿಲ್ಡಿನ ಯಜಮಾನನು ತಾನೇ ಬರೆದ ಚಿತ್ರವನ್ನು ಲಾಂಛನವಾಗಿ ಸೇರಿಸಬಹುದು. ಅಡ್ಡಕ್ಕೆ 24, ಉದ್ದಕ್ಕೆ 24, ಒಟ್ಟು 576 ಚೌಕಗಳು. ನಿಯತವಾದೊಂದು ಕಡುಗುಲಾಬಿ ಬಣ್ಣವನ್ನು ತುಂಬಿದ ಚೌಕಗಳು ಕಣ್ಣಿಗೆ ಕಾಣವು; ಇದರಿಂದ ಆಕೃತಿಗೆ ಬೇಕಾದ ಹೊರಗೆರೆ ದೊರೆಯುವುದು. ಕೋಟೆಯನ್ನು ಗೆದ್ದರೆ ಅದೇ ಚಿತ್ರವು ಅಲ್ಲಿಯ ಬಾವುಟಗಳನ್ನೇರುವುದು. 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನಲ್ಲಾದರೋ ಮೊದಲೇ ಸಿದ್ಧವಾಗಿರುವ ಚಿಹ್ನೆ, ಅಂಚು, ಬಣ್ಣಗಳಲ್ಲಿ ಆರಿಸಿಕೊಳ್ಳತಕ್ಕದ್ದು. ಅಲ್ಲಿ ಕುರೂಪವಾದ ಲಾಂಛನ ವಿರಳ. ತಮ್ಮದೆಂದು ಹೇಳಿಕೊಳ್ಳತಕ್ಕುದೂ ವಿರಳ.

ಸ್ವತಂತ್ರವಾಗಿ ಬರೆವವರ ಮುಖ್ಯ ದೋಷವು ದೊಡ್ಡ ಪಟವನ್ನು ಕುಗ್ಗಿಸಿ ತುರುಕುವುದು. ಕರ್ನಾಟಕದ ರಾಜ್ಯಲಾಂಛನವನ್ನೇ ಹಾಗೆ ಕುಗ್ಗಿಸಿದರೆ ಇಕ್ಕೆಲದ ಗಜಕೇಸರಿಗಳೂ ಮೇಲಣ ಸಿಂಹಗಳೂ ಕಲಸಿದ ಬಣ್ಣವಾಗುವುವು. ಗಂಡಭೇರುಂಡವೊಂದು ಉಳಿದೀತು, ಅದೂ ಒಂದು ಒಡಲು, ಎರಡು ಕೊಕ್ಕು ಎಂಬಷ್ಟಕ್ಕೆ ಇಳಿದರೆ ಮಾತ್ರ. ಸೂತ್ರಕಾರನು ಅಕ್ಷರಗಳನ್ನು ಬಿಡುವಂತೆ ಇವನು ಗೆರೆಗಳನ್ನು ಬಿಡಲು ಕಲಿಯಬೇಕು.

ಈ ವಿದ್ಯೆ ನಮ್ಮ ಸೀಮೆಗೆ ಹೊಸತಲ್ಲ. ಕೊಳ್ಳೇಗಾಲವು ರೇಷ್ಮೆಯ ನೇಯ್ಗೆಗೆ ಹೆಸರಾದ ಊರು. ಜಕಾರ್ಡ್ ಮಗ್ಗಕ್ಕೆ ಚಿತ್ರವನ್ನು ಮೊದಲು ಚೌಕಳಿ ಕಾಗದದಲ್ಲಿ ತುಂಬಿ, ಬಳಿಕ ರಟ್ಟುಗಳಲ್ಲಿ ತೂತು ಕೊರೆವರು. ಎಳೆಯು ಏಳಬೇಕೇ ಬೇಡವೇ ಎಂಬುದು ಚೌಕಚೌಕಕ್ಕೂ ನಿರ್ಣಯವಾಗಬೇಕು. ಆದುದರಿಂದಲೇ ಸೀರೆಯಂಚಿನ ಹಂಸವನ್ನು ಮಾರುದೂರದಿಂದ ಗುರುತಿಸಬಹುದು. ಆಟದ ಚಿತ್ರಕಾರನು ಚಿತ್ರಶಾಲೆಗಿಂತ ಮಗ್ಗದ ಮನೆಯಲ್ಲಿ ಹೆಚ್ಚು ಕಲಿತಾನು.

ನಮ್ಮ ಕಡೆಯ ತರುಣರು ಕೂಟ ಕಟ್ಟಿದರೆ ಯಳಂದೂರಿನ ಬಳೆಮಂಟಪದ ಕಲ್ಲುಬಳೆಗಳಿಗಿಂತ ಉಚಿತವಾದ ಲಾಂಛನ ಬೇಡ. ಒಂದರೊಳಗೊಂದು ಕೋದ ಮೂರು ಬಳೆಗಳು 576 ಚೌಕಗಳಲ್ಲಿ ಸುಖವಾಗಿ ಹಿಡಿವುವು. ಹನೂರಿನ ಕಡೆಯವರು ಹುಲಿಯನ್ನೇರಿದ ಮಾದೇಶ್ವರನನ್ನು ಬಯಸಬಹುದು. ಕೋಟೆ ಸೋತೊಡನೆ ಇಳಿವ ಬಾವುಟದ ಮೇಲೆ ಆರಾಧ್ಯಮೂರ್ತಿಯನ್ನಿಡುವುದು ನಮಗೆ ಸಮ್ಮತವಲ್ಲ. ಕಪಿಧ್ವಜ ಗರುಡಧ್ವಜಗಳಿಲ್ಲವೇ ಎಂದರೆ, ಅಲ್ಲಿ ಧ್ವಜವನ್ನೇರಿದವರು ಸೇವಕನೂ ವಾಹನವೂ ಹೊರತು ಒಡೆಯನಲ್ಲ. ಹುಲಿಯೊಂದೇ ಸಾಕು, ಅದರ ಪಟ್ಟೆಗಳಂತೂ ಚೌಕಗಳಿಗೆ ತಾವಾಗಿಯೇ ಒಗ್ಗುವುವು.